58 ತುಂಬಿತು, ಡ್ಯೂಟಿ ಇನ್ನೂ ಇದೆ: ಪಿಎಫ್ ಪಿಂಚಣಿ ಈಗಲೇ ತಗೋಬೇಕಾ, 60ಕ್ಕೆ ಮುಂದೂಡಬೇಕಾ?

ನಮ್ಮ ಕಾಕಾ ಬೀದರ್ ಜಿಲ್ಲೆಯಲ್ಲಿ ಬಸ್ ಕಂಡಕ್ಟರ್ ಆಗಿದ್ದರು. ದಾಖಲೆಯಲ್ಲಿ ಹುಟ್ಟಿದ ತಾರೀಕು 1964ರ ಜೂನ್ 1. ನಮ್ಮ ಕಡೆ ಆ ಕಾಲದವರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು, ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದ ತಾರೀಕು ಅದು. ಕಾಕಾಗೆ 2022ರಲ್ಲಿ 58 ತುಂಬಿತು, 2024ರಲ್ಲಿ ನಿವೃತ್ತಿ ಆಯಿತು. ಪಿಂಚಣಿ ಅರ್ಜಿ ಹಾಕಿದ್ದು ನಿವೃತ್ತಿ ಆದ ಮೇಲೆ, ಒಂದು ಆನ್‌ಲೈನ್ ಸೆಂಟರ್‌ನಲ್ಲಿ ಕೂತು. ಅಲ್ಲಿನ ಹುಡುಗ ಕೇಳಿದ: "ಅಂಕಲ್, 60ಕ್ಕೆ ರಿಟೈರ್ ಆದ್ರಲ್ವಾ?" ಕಾಕಾ ಹೌದು ಅಂದರು. ಅವನು ಪಿಂಚಣಿ ಮುಂದೂಡಿದ್ದೀರಾ ಅಂತ ಕೇಳುವ ಜಾಗದಲ್ಲಿ ಹೌದು ಅಂತ ಟಿಕ್ ಹೊಡೆದ.

ಆ ಒಂದು ಟಿಕ್‌ನ ಬೆಲೆ ಸುಮಾರು 84,000 ರೂಪಾಯಿ. ಕಾಕಾಗೆ 58ಕ್ಕೇ ತಿಂಗಳಿಗೆ ಸುಮಾರು 3,500 ರೂಪಾಯಿ ಬರಬೇಕಿತ್ತು. 24 ತಿಂಗಳ ದುಡ್ಡು ಹೋಯಿತು. ಅದರ ಬದಲು ಸಿಕ್ಕಿದ್ದು ತಿಂಗಳಿಗೆ 286 ರೂಪಾಯಿ ಜಾಸ್ತಿ. ಅವರು ಟ್ರಂಕಿನಿಂದ ಹಳೆಯ ಪಿಎಫ್ ಸ್ಲಿಪ್ಪುಗಳನ್ನು ತೆಗೆದು ನನ್ನ ಮುಂದೆ ಹರಡಿದ ದಿನವೇ ಇದನ್ನು ಬರೆಯಬೇಕು ಅಂತ ನಿರ್ಧಾರ ಮಾಡಿದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇನ್ನು ಎರಡು ಮೂರು ವರ್ಷದಲ್ಲಿ 58 ದಾಟುವ ಎಲ್ಲರೂ ಇದನ್ನು ಓದಲಿ.

ಮೊದಲು: ಈ ಪಿಂಚಣಿ ನಿಮ್ಮದೇನಾ?

ಇಲ್ಲಿ ಹೇಳುತ್ತಿರುವುದು ಇಪಿಎಸ್-95, ಅಂದರೆ ಪಿಎಫ್ ಜೊತೆ ಬರುವ ಪಿಂಚಣಿ. 1995ರ ನವೆಂಬರ್ 16ಕ್ಕೆ ಶುರುವಾದ ಯೋಜನೆ. ಸರ್ಕಾರಿ ಶಾಲಾ ಶಿಕ್ಷಕರು, ತಹಶೀಲ್ದಾರ್ ಕಚೇರಿಯವರು, ಪೊಲೀಸರು ಇದರಲ್ಲಿ ಬರುವುದಿಲ್ಲ. ರಾಜ್ಯ ಸರ್ಕಾರದ ನೌಕರರಲ್ಲಿ 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ, ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಎನ್‌ಪಿಎಸ್‌ನಲ್ಲೂ ನಿವೃತ್ತಿ ದಿನವೇ ದುಡ್ಡು ತೆಗೆಯದೆ ಮುಂದೂಡುವ ಅವಕಾಶ ಇದೆ. ಆದರೆ ಅದರ ಲೆಕ್ಕವೇ ಬೇರೆ, ಇದರ ಜೊತೆ ಬೆರೆಸಬೇಡಿ.

ಹಾಗಾದರೆ ಇದು ಯಾರದು? ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳು ನಮ್ಮ ಭಾಗದ ದೊಡ್ಡ ಗುಂಪು. ಸರ್ಕಾರಿ ಆಸ್ಪತ್ರೆ, ಕಚೇರಿಗಳಲ್ಲಿ ಹೊರಗುತ್ತಿಗೆ ಮೇಲೆ ದುಡಿಯುವ ಸ್ವಚ್ಛತಾ ಸಿಬ್ಬಂದಿ, ಡೇಟಾ ಎಂಟ್ರಿಯವರು, ಸೆಕ್ಯುರಿಟಿಯವರು ಇನ್ನೊಂದು ಗುಂಪು. ಗುರುತು ಹಿಡಿಯುವುದು ಸುಲಭ. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಇರಬೇಕು, 12 ಅಂಕಿಯ ಯುಎಎನ್ (ಪಿಎಫ್ ಸದಸ್ಯರ ಖಾಯಂ ನಂಬರ್) ಇರಬೇಕು, ಮಾಲೀಕರು ಕಟ್ಟುವ ಪಾಲಿನಲ್ಲಿ ಪಿಂಚಣಿ ಅಂತ ಒಂದು ಮೊತ್ತ ಬೇರೆಯಾಗಿ ಹೋಗುತ್ತಿರಬೇಕು. ಆ ಮೊತ್ತ ಸಂಬಳದ 8.33%. ಆದರೆ 15,000 ರೂಪಾಯಿ ಸಂಬಳಕ್ಕಷ್ಟೇ ಲೆಕ್ಕ. ಹಾಗಾಗಿ ಜಾಸ್ತಿ ಸಂಬಳದವರಿಗೂ ತಿಂಗಳಿಗೆ 1,250ರ ಮೇಲೆ ಹೋಗುವುದಿಲ್ಲ.

ಒಂದು ಎಚ್ಚರಿಕೆ. 2014ರ ಸೆಪ್ಟೆಂಬರ್ 1 ಅಥವಾ ಅದರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಮೂಲ ವೇತನ ಮತ್ತು ಡಿಎ ಸೇರಿ ಆಗಲೇ 15,000 ದಾಟಿದ್ದರೆ ಅವರು ಇಪಿಎಸ್ ಸದಸ್ಯರಲ್ಲ. ಅವರಿಗೆ ಪಿಎಫ್ ಮಾತ್ರ.

ಎರಡನೇ ಹೆಜ್ಜೆ: 10 ವರ್ಷ ಆಗಿದೆಯಾ?

ತಿಂಗಳ ಪಿಂಚಣಿ ಬೇಕು ಅಂದರೆ ಕನಿಷ್ಠ 10 ವರ್ಷದ ಪಿಂಚಣಿ ಸೇವೆ ಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ಹಾಗಾಗಿ 9 ವರ್ಷ 6 ತಿಂಗಳು ಇದ್ದವರು ನಿರಾಶೆ ಆಗಬೇಕಿಲ್ಲ.

ಇಲ್ಲಿ ಸೇವೆ ಅಂದರೆ ವಂತಿಗೆ ಕಟ್ಟಿದ ಸೇವೆ. ಸಂಬಳವಿಲ್ಲದ ರಜೆ, ಅಮಾನತು, ಗೈರುಹಾಜರಿ ಇವೆಲ್ಲ ವಂತಿಗೆ ಇಲ್ಲದ ದಿನಗಳಾಗಿ ಲೆಕ್ಕದಿಂದ ಹೊರಗೆ ಹೋಗುತ್ತವೆ. ಸಾರಿಗೆಯವರು 2021ರ ಏಪ್ರಿಲ್ ಮುಷ್ಕರದ ದಿನಗಳು ತಮ್ಮ ದಾಖಲೆಯಲ್ಲಿ ಹೇಗೆ ಬಿದ್ದಿವೆ ಅಂತ ಒಮ್ಮೆ ನೋಡಿಕೊಳ್ಳಿ. 2000ನೇ ಇಸವಿಗಿಂತ ಮೊದಲು ಸೇರಿದ ಹಿರಿಯರಿಗೆ ಇನ್ನೊಂದು ಕೆಲಸ ಇದೆ. ಆ ವರ್ಷ ಈಶಾನ್ಯ ಕರ್ನಾಟಕ ಸಾರಿಗೆ (ಈಗಿನ ಕಲ್ಯಾಣ ಕರ್ನಾಟಕ ಸಾರಿಗೆ) ಅಂತ ನಮ್ಮ ಭಾಗಕ್ಕೆ ಬೇರೆ ನಿಗಮ ಆಯಿತು. ಅದಕ್ಕೂ ಮುಂಚಿನ ಸೇವೆ ದಾಖಲೆಯಲ್ಲಿ ಕೂಡಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಹೊರಗುತ್ತಿಗೆಯವರ ಕಥೆ ಹೆಚ್ಚು ನೋವಿನದು. ಟೆಂಡರ್ ಬದಲಾದಾಗಲೆಲ್ಲ ಏಜೆನ್ಸಿ ಬದಲಾಗುತ್ತದೆ. ಕೆಲಸ ಅದೇ, ವಾರ್ಡು ಅದೇ, ಪೊರಕೆಯೂ ಅದೇ. ಪಿಎಫ್ ಖಾತೆ ಮಾತ್ರ ಹೊಸದು. ಕೆಲವರಿಗೆ ಎರಡು ಮೂರು ಯುಎಎನ್ ಕೂಡ ಆಗಿರುತ್ತವೆ. 12 ವರ್ಷ ದುಡಿದವರ ದಾಖಲೆಯಲ್ಲಿ 3, 4, 5 ವರ್ಷದ ತುಂಡುಗಳಷ್ಟೇ ಕಾಣುತ್ತವೆ. ಈ ತುಂಡುಗಳನ್ನು ಕೂಡಿಸಬಹುದು. ಹಳೆಯ ಖಾತೆಗಳನ್ನು ಆನ್‌ಲೈನ್‌ನಲ್ಲಿ ಈಗಿನ ಖಾತೆಗೆ ವರ್ಗಾಯಿಸಿದರೆ ಪಿಂಚಣಿ ಸೇವೆಯೂ ಜೊತೆಗೆ ಬರುತ್ತದೆ.

ಆದರೆ ಏಜೆನ್ಸಿ ಬದಲಾದಾಗ ಫಾರ್ಮ್ 10-ಸಿ ಹಾಕಿ ಪಿಂಚಣಿ ದುಡ್ಡು ತೆಗೆದುಕೊಂಡಿದ್ದರೆ ಆ ಸೇವೆ ಅಲ್ಲಿಗೆ ಮುಗಿಯಿತು, ಮತ್ತೆ ಬರುವುದಿಲ್ಲ. ಎಂಟು ಹತ್ತು ಸಾವಿರ ರೂಪಾಯಿಗೋಸ್ಕರ ಸಾಯುವ ತನಕ ಬರುವ ಪಿಂಚಣಿಯನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಕಷ್ಟ ಇದ್ದಾಗ ಕೈ ಹೋಗುತ್ತದೆ, ತಪ್ಪು ಅನ್ನಲು ಮನಸ್ಸು ಬರುವುದಿಲ್ಲ. ಆದರೂ ಕೈ ಮುಗಿದು ಕೇಳುತ್ತೇನೆ: ಪಿಎಫ್ ಭಾಗ ತೆಗೆಯಿರಿ, ಪಿಂಚಣಿ ಭಾಗ ಮುಟ್ಟಬೇಡಿ. ಅದೇ ಫಾರ್ಮ್ 10-ಸಿಯಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದರಲ್ಲಿ ನಿಮ್ಮ ಸೇವೆ ಬರೆದಿರುತ್ತದೆ, ಮುಂದಿನ ಕೆಲಸಕ್ಕೆ ಕೂಡಿಕೊಳ್ಳುತ್ತದೆ.

10 ವರ್ಷ ಮುಗಿಸಿ 58ಕ್ಕೆ ಮೊದಲೇ ಕೆಲಸ ಬಿಟ್ಟವರಿಗೂ ಈ ಸರ್ಟಿಫಿಕೇಟೇ ಆಧಾರ. 50 ತುಂಬಿದ ಮೇಲೆ ಅವರು ಮುಂಚಿತ ಪಿಂಚಣಿ ಕೇಳಬಹುದು. 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ತಲಾ 4% ಕಡಿತ ಆಗುತ್ತದೆ, ಆ ಕಡಿತ ಜೀವನಪೂರ್ತಿ ಇರುತ್ತದೆ.

ಮೂರನೇ ಹೆಜ್ಜೆ: 58ಕ್ಕೆ ಏನಾಗುತ್ತದೆ?

ಹೆಚ್ಚಿನವರು ಎಡವುವುದು ಇಲ್ಲೇ. ನಿವೃತ್ತಿ ವಯಸ್ಸು 60 ಇರಬಹುದು. ಆದರೆ ಇಪಿಎಸ್‌ಗೆ 58 ಅಂದರೆ 58. ಆ ದಿನ ನಿಮ್ಮ ಪಿಂಚಣಿ ಸದಸ್ಯತ್ವ ಮುಗಿಯುತ್ತದೆ. ಮರುದಿನದಿಂದ ಪಿಂಚಣಿಗೆ ನೀವು ಅರ್ಹರು, ಕೆಲಸದಲ್ಲಿ ಇದ್ದರೂ ಸಹ. ಸಂಬಳವೂ ಬರುತ್ತದೆ, ಪಿಂಚಣಿಯೂ ಬರುತ್ತದೆ. ಇದರಲ್ಲಿ ಕಳ್ಳತನ ಏನೂ ಇಲ್ಲ, ಯಾರಿಗೂ ಹೆದರಬೇಕಿಲ್ಲ. ನಿಯಮವೇ ಹಾಗಿದೆ.

ವಂತಿಗೆ ಕಟ್ಟುತ್ತಾ ಮುಂದೂಡುತ್ತೇನೆ ಅಂತ ನೀವು ಬರೆದುಕೊಡದಿದ್ದರೆ, 58ರ ನಂತರ ಆ 8.33% ಪಿಂಚಣಿಗೆ ಹೋಗಬಾರದು. ಮಾಲೀಕರ ಪಾಲು ಪೂರ್ತಿ ನಿಮ್ಮ ಪಿಎಫ್‌ಗೇ ಬರಬೇಕು. ಪಾಸ್‌ಬುಕ್‌ನಲ್ಲಿ ಅದನ್ನು ತಿಂಗಳು ತಿಂಗಳು ನೋಡಿ. 58 ದಾಟಿದ ಮೇಲೂ ತಪ್ಪಿನಿಂದ ಪಿಂಚಣಿ ಕಾಲಮ್ಮಿಗೆ 1,250 ಬೀಳುತ್ತಿದ್ದರೆ ಪಿಂಚಣಿ ಅರ್ಜಿ ವಾಪಸ್ ಬರುತ್ತದೆ. ಆಮೇಲೆ ಆ ದುಡ್ಡನ್ನು ಪಿಎಫ್‌ಗೆ ತಿರುಗಿಸುವ ಪತ್ರ ವ್ಯವಹಾರಕ್ಕೇ ತಿಂಗಳುಗಳು ಹೋಗುತ್ತವೆ. ನಿಮ್ಮ ಸಂಸ್ಥೆಗೆ ಸ್ವಂತ ಪಿಎಫ್ ಟ್ರಸ್ಟ್ ಇದ್ದರೆ ಪಾಸ್‌ಬುಕ್ ಪಿಎಫ್ ಇಲಾಖೆಯ ವೆಬ್‌ಸೈಟಿನಲ್ಲಿ ಕಾಣುವುದಿಲ್ಲ, ಟ್ರಸ್ಟಿನಿಂದಲೇ ವಿವರ ಕೇಳಿ ಪಡೆಯಿರಿ.

ನಾಲ್ಕನೇ ಹೆಜ್ಜೆ: ಮುಂದೂಡಿದರೆ ಲಾಭವಾ? ಪೆನ್ನು ಹಿಡಿದು ಲೆಕ್ಕ ಹಾಕೋಣ

2016ರ ಏಪ್ರಿಲ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ ಪಿಂಚಣಿಯನ್ನು 58ರಿಂದ ಗರಿಷ್ಠ 60ರ ತನಕ ಮುಂದೂಡಬಹುದು. ಪೂರ್ತಿಯಾದ ಪ್ರತಿ ವರ್ಷಕ್ಕೆ 4% ಜಾಸ್ತಿ ಸಿಗುತ್ತದೆ. 59ಕ್ಕೆ ತಗೊಂಡರೆ 4%, 60ಕ್ಕೆ ತಗೊಂಡರೆ 8.16%. ಇದರಲ್ಲಿ ಎರಡು ದಾರಿ: 58ರ ನಂತರ ಪಿಂಚಣಿ ವಂತಿಗೆ ಕಟ್ಟದೆ ಸುಮ್ನೆ ಕಾಯುವುದು ಒಂದು, ವಂತಿಗೆ ಮುಂದುವರಿಸುತ್ತಾ ಕಾಯುವುದು ಇನ್ನೊಂದು.

ಒಬ್ಬ ಡ್ರೈವರ್ ಅಣ್ಣನನ್ನು ಇಟ್ಟುಕೊಳ್ಳೋಣ. ಹುಟ್ಟಿದ್ದು 1968ರ ಜೂನ್ 1. ಪಿಂಚಣಿ ಸದಸ್ಯತ್ವ 1998ರ ಜೂನ್ 1ರಿಂದ. 58 ಮುಗಿಯುವುದು 2026ರ ಮೇ 31ಕ್ಕೆ. ಅಲ್ಲಿಗೆ ಸೇವೆ 28 ವರ್ಷ. 20 ವರ್ಷ ತುಂಬಿದವರಿಗೆ 2 ವರ್ಷ ಬೋನಸ್ ಸೇರಿಸುತ್ತಾರೆ, ಹಾಗಾಗಿ 30.

ಸೂತ್ರ ಹೀಗಿದೆ: ಪಿಂಚಣಿ ಸಂಬಳ × ಪಿಂಚಣಿ ಸೇವೆ ÷ 70. ಪಿಂಚಣಿ ಸಂಬಳ ಅಂದರೆ ಕೊನೆಯ 60 ತಿಂಗಳ ಸರಾಸರಿ. ಆದರೆ 2014ರ ಆಗಸ್ಟ್ 31ರ ತನಕದ ಸೇವೆಗೆ ಮಿತಿ 6,500, ಆಮೇಲಿನದಕ್ಕೆ 15,000. ನಮ್ಮ ಅಣ್ಣನಿಗೆ ಮೊದಲ ಭಾಗ 16 ವರ್ಷ 3 ತಿಂಗಳು. 6,500 × 16.25 ÷ 70 ಅಂದರೆ 1,509. ಎರಡನೇ ಭಾಗ 11 ವರ್ಷ 9 ತಿಂಗಳು. 15,000 × 11.75 ÷ 70 ಅಂದರೆ 2,518. ಎರಡೂ ಸೇರಿ 4,027. ಬೋನಸ್ ವರ್ಷಗಳನ್ನು ಎರಡೂ ಭಾಗಕ್ಕೆ ಹಂಚಿದರೆ ಹತ್ತಿರ ಹತ್ತಿರ 4,314 ರೂಪಾಯಿ. "28 ವರ್ಷ ಸ್ಟೇರಿಂಗ್ ಹಿಡಿದಿದ್ದಕ್ಕೆ ಇಷ್ಟೇನಾ?" ಅಂತ ಹೊಟ್ಟೆ ಉರಿಯುತ್ತದೆ. ನಿಜ. ಅದಕ್ಕೇ ಇದರಲ್ಲಿ ಒಂದು ರೂಪಾಯಿಯನ್ನೂ ಕಳೆದುಕೊಳ್ಳಬಾರದು ಅಂತ ನನ್ನ ಹಠ.

ಈಗ ಅಣ್ಣ ವಂತಿಗೆ ಇಲ್ಲದೆ 60ರ ತನಕ ಮುಂದೂಡಿದರು ಅಂದುಕೊಳ್ಳಿ. 4,314ಕ್ಕೆ 8.16% ಸೇರಿ 4,666 ಆಗುತ್ತದೆ. ತಿಂಗಳಿಗೆ 352 ಲಾಭ. ಬಿಟ್ಟಿದ್ದೆಷ್ಟು? 24 ತಿಂಗಳು × 4,314, ಅಂದರೆ 1,03,536. ತಿಂಗಳಿಗೆ 352ರಂತೆ ಅದನ್ನು ವಾಪಸ್ ಗಳಿಸಲು 294 ತಿಂಗಳು ಬೇಕು. ಇಪ್ಪತ್ತನಾಲ್ಕೂವರೆ ವರ್ಷ! 60ರ ಮೇಲೆ ಅಷ್ಟು ಅಂದರೆ ಅಣ್ಣನಿಗೆ ಎಂಬತ್ತನಾಲ್ಕೂವರೆ ಆಗಿರುತ್ತದೆ.

ಈ 294 ತಿಂಗಳು ಪಿಂಚಣಿ ಮೊತ್ತಕ್ಕೆ ತಕ್ಕಂತೆ ಬದಲಾಗುವುದಿಲ್ಲ. ನಿಮ್ಮದು 2,000 ಇರಲಿ, 7,000 ಇರಲಿ, ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ. 24 ತಿಂಗಳನ್ನು 8.16%ರಿಂದ ಭಾಗಿಸಿ, ನೀವೇ ನೋಡಿ. ಒಂದೇ ವರ್ಷ ಮುಂದೂಡಿದರೂ 25 ವರ್ಷ ಬೇಕು. ಮೊದಲೇ ಬಂದ ದುಡ್ಡನ್ನು ಪೋಸ್ಟ್ ಆಫೀಸ್ ಆರ್‌ಡಿಗೆ ಹಾಕಿದರೆ ಬಡ್ಡಿ ಬೇರೆ ಬರುತ್ತಿತ್ತು. ಹಾಗಾಗಿ ವಂತಿಗೆ ಇಲ್ಲದೆ ಮುಂದೂಡುವುದು ಬೇಡವೇ ಬೇಡ. ಇದು ನನ್ನ ಖಡಾಖಂಡಿತ ಮಾತು.

ವಂತಿಗೆ ಕಟ್ಟುತ್ತಾ ಮುಂದೂಡುವ ಲೆಕ್ಕ ಸ್ವಲ್ಪ ಬೇರೆ. ಆ ಎರಡು ವರ್ಷವೂ ಸೇವೆಗೆ ಸೇರುತ್ತದೆ. ಅಣ್ಣನ ಸೇವೆ 30, ಬೋನಸ್ ಸೇರಿ 32. ಮೊತ್ತ 4,752. ಅದರ ಮೇಲೆ 8.16% ಸೇರಿ ಸುಮಾರು 5,140. ಲಾಭ ತಿಂಗಳಿಗೆ 826. ಬಿಟ್ಟ ಪಿಂಚಣಿ 1,03,536. ಇದರ ಜೊತೆ ಪಿಎಫ್‌ಗೆ ಬರಬೇಕಿದ್ದ 1,250 ರೂಪಾಯಿ 24 ತಿಂಗಳು ಪಿಂಚಣಿಗೆ ಹೋಯಿತು, ಅದು 30,000. ಒಟ್ಟು 1,33,536. ವಾಪಸ್ ಬರಲು 162 ತಿಂಗಳು, ಅಂದರೆ ಹದಿಮೂರೂವರೆ ವರ್ಷ. ಎಪ್ಪತ್ತಮೂರೂವರೆಗೆ ಸರಿದೂಗುತ್ತದೆ, ಬಡ್ಡಿ ಹಿಡಿದರೆ ಇನ್ನೂ ತಡ.

ಆರೋಗ್ಯ ಗಟ್ಟಿಮುಟ್ಟಾಗಿದ್ದು, ಮನೆಯಲ್ಲಿ ಎಲ್ಲರೂ ಎಂಬತ್ತು ದಾಟಿದ ವಂಶವಾಗಿದ್ದು, 58ಕ್ಕೆ ಆ ದುಡ್ಡಿನ ಜರೂರು ಇಲ್ಲದಿದ್ದರೆ ಈ ದಾರಿ ಯೋಚನೆ ಮಾಡಬಹುದು. ಹೆಂಡತಿ ವಯಸ್ಸಿನಲ್ಲಿ ತುಂಬಾ ಚಿಕ್ಕವರಿದ್ದರೂ ಯೋಚಿಸಬಹುದು. ಯಾಕೆಂದರೆ ಪಿಂಚಣಿದಾರರು ತೀರಿಕೊಂಡ ಮೇಲೆ ಪತ್ನಿಗೆ ಅದರ ಅರ್ಧ ಸಿಗುತ್ತದೆ, ಕನಿಷ್ಠ 1,000 ಅಂತೂ ಖಾತ್ರಿ. ಉಳಿದವರಿಗೆ, ಅದರಲ್ಲೂ ಬಿಪಿ ಶುಗರ್ ಇರುವ, ಬೆನ್ನು ಸೋತ ಡ್ರೈವರ್‌ಗಳಿಗೆ ನಾನು ಹೇಳುವುದು 58ಕ್ಕೇ ತಗೊಳ್ಳಿ ಅಂತ.

2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೆಚ್ಚಿನ ಪಿಂಚಣಿಗೆ (15,000ದ ಮಿತಿ ಬಿಟ್ಟು ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕುವ ಪಿಂಚಣಿ) ಮಾಲೀಕರ ಜೊತೆ ಸೇರಿ ಜಂಟಿ ಆಯ್ಕೆ ಕೊಟ್ಟವರ ಮೊತ್ತ ಬೇರೆ ಇರುತ್ತದೆ. ವಂತಿಗೆ ಇಲ್ಲದೆ ಮುಂದೂಡಿದರೆ ಅವರಿಗೂ ಅದೇ 294 ತಿಂಗಳು.

ಐದನೇ ಹೆಜ್ಜೆ: 57ಕ್ಕೇ ಕಾಗದ ಸರಿ ಮಾಡಿ

58 ತುಂಬುವ ಒಂದು ವರ್ಷ ಮುಂಚೆ ಕೂತು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಯುಎಎನ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಹೆಸರಿನದೇ ದೊಡ್ಡ ರಗಳೆ. ಶರಣಪ್ಪ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ 'ಎ' ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಅಡ್ಡಹೆಸರು ಮುಂದೆ. ಹುಟ್ಟಿದ ತಾರೀಕು ಸರ್ವಿಸ್ ಬುಕ್‌ನಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1. ಹೀಗಿದ್ದರೆ ಜಂಟಿ ಘೋಷಣೆ ಮೂಲಕ ತಿದ್ದಿಸಬೇಕು, 2017ರ ಅಕ್ಟೋಬರ್‌ಗಿಂತ ಮೊದಲು ಯುಎಎನ್ ಆದವರಿಗೆ ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಕೆಲಸದಲ್ಲಿ ಇರುವಾಗ ಮಾಡಿಸಿದರೆ ಒಂದು ಸಹಿ ಸಿಗುವುದು ಸಲೀಸು. ಹೊರಗುತ್ತಿಗೆಯವರಂತೂ ಏಜೆನ್ಸಿ ಇರುವಾಗಲೇ ಮಾಡಿಸಿಬಿಡಿ.

ಇ-ನಾಮಿನೇಷನ್ ಕೂಡ ಆಗಲೇ ಮುಗಿಸಿ. ಹೆಂಡತಿ, ಮಕ್ಕಳ ಹೆಸರು ಅಲ್ಲಿ ಇರಬೇಕು. 25 ವರ್ಷದೊಳಗಿನ ಮಕ್ಕಳ ವಯಸ್ಸಿನ ದಾಖಲೆ ತೆಗೆದಿಡಿ.

ವಂತಿಗೆ ಕಟ್ಟುತ್ತಾ ಮುಂದೂಡುತ್ತೇನೆ ಅಂತ ನಿರ್ಧಾರ ಮಾಡಿದವರು 58 ತುಂಬುವ ಮೊದಲೇ ಬರವಣಿಗೆಯಲ್ಲಿ ಸಂಸ್ಥೆಗೂ ಪಿಎಫ್ ಕಚೇರಿಗೂ ತಿಳಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಸಂಬಳ ಮಾಡುವವರು 58ಕ್ಕೆ ಪಿಂಚಣಿ ವಂತಿಗೆ ನಿಲ್ಲಿಸುತ್ತಾರೆ, ಅದು ಅವರ ನಿಯಮ.

ಆರನೇ ಹೆಜ್ಜೆ: ಫಾರ್ಮ್ 10-ಡಿ

ಪಿಂಚಣಿಯ ಅರ್ಜಿ ಇದೇ. ಯುಎಎನ್ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು, ಕಾಗದದಲ್ಲೂ ಕೊಡಬಹುದು. ಇನ್ನೂ ಡ್ಯೂಟಿಯಲ್ಲಿ ಇರುವವರಿಗೆ ಕಾಗದದ ಅರ್ಜಿಯನ್ನು ಸಂಸ್ಥೆಯ ಮೂಲಕ ಕಳಿಸುವುದೇ ವಾಸಿ. ಗಂಡ ಹೆಂಡತಿ ಜೊತೆಗಿರುವ ಫೋಟೋ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಅಥವಾ ರದ್ದು ಮಾಡಿದ ಚೆಕ್, ಮಕ್ಕಳ ದಾಖಲೆ, ಇದ್ದರೆ ಸ್ಕೀಮ್ ಸರ್ಟಿಫಿಕೇಟ್ ಜೊತೆಗಿರಲಿ.

ತುಂಬುವಾಗ ಯಾರ ಕೈಗೂ ಬಿಟ್ಟುಕೊಡಬೇಡಿ. ಮುಂದೂಡುವ ಆಯ್ಕೆಯ ಜಾಗಕ್ಕೆ ಬಂದಾಗ ನಿಲ್ಲಿ, ಎರಡು ಸಲ ಓದಿಸಿಕೊಳ್ಳಿ. ನೀವು ಮುಂದೂಡಿಲ್ಲ ಅಂದರೆ ಅಲ್ಲಿ ಟಿಕ್ ಇರಬಾರದು. ಮಾಹಿತಿ ಇಲ್ಲದೆ 60ರ ತನಕ ಅರ್ಜಿಯನ್ನೇ ಹಾಕದವರು ಕೂಡ, ಮುಂದೂಡುವ ಆಯ್ಕೆ ಬರೆದುಕೊಡದಿದ್ದರೆ, 58ರ ಮರುದಿನದಿಂದ ಪಿಂಚಣಿ ಮತ್ತು ಬಾಕಿ ಕೇಳಬಹುದು. ಕಾಕಾ ಕೈತಪ್ಪಿಸಿಕೊಂಡದ್ದು ಇದನ್ನೇ.

ಎಲ್ಲಾ ಸರಿ ಇರುವ ಅರ್ಜಿ 20 ದಿನದಲ್ಲಿ ಮುಗಿಯಬೇಕು. ತಡವಾದರೆ ಪಿಎಫ್ ಇಲಾಖೆಯ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ. ಕಲಬುರಗಿಯಲ್ಲಿ ಪಿಎಫ್ ಪ್ರಾದೇಶಿಕ ಕಚೇರಿ ಇದೆ. ಔರಾದಿನಿಂದಲೋ ಸುರಪುರದಿಂದಲೋ ಅಲ್ಲಿಗೆ ಹೋಗಿಬರುವುದು ಅಂದರೆ ಒಂದು ದಿನದ ಕೆಲಸ, ಅಲ್ವಾ? ಹಾಗಾಗಿ ಇದನ್ನು ನೆನಪಿಡಿ: 2023ರ ಜನವರಿಯಿಂದ 'ನಿಧಿ ಆಪ್ಕೇ ನಿಕಟ್' ಅನ್ನುವ ಶಿಬಿರ ದೇಶದ ಎಲ್ಲಾ ಜಿಲ್ಲೆಗಳಿಗೂ ಬಂದಿದೆ, ಸಾಮಾನ್ಯವಾಗಿ ಪ್ರತಿ ತಿಂಗಳ 27ಕ್ಕೆ ನಡೆಯುತ್ತದೆ. ಬೀದರ್, ಯಾದಗಿರಿಯವರು ಆ ತಿಂಗಳ ಜಾಗ ಕೇಳಿಕೊಂಡು ಮೂಲ ಕಾಗದಗಳ ಜೊತೆ ಅಲ್ಲಿಗೇ ಹೋಗಬಹುದು.

ಪಿಂಚಣಿ ಶುರುವಾದ ಮೇಲೆ

ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ) ನಂಬರ್ ಬಂದ ದಿನವೇ ಅದರ ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಹೆಂಡತಿಯ ಕೈಗೆ ಕೊಡಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಕೊಟ್ಟ ದಿನದಿಂದ ಒಂದು ವರ್ಷ ಅದು ನಡೆಯುತ್ತದೆ, ನವೆಂಬರ್ ತನಕ ಕಾಯಬೇಕಿಲ್ಲ. ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಿಂಚಣಿ ಬರುವ ವ್ಯವಸ್ಥೆ ಆಗಿದೆ. ಮಗನ ಜೊತೆ ಹೈದರಾಬಾದಿಗೋ ಪುಣೆಗೋ ಹೋದರೂ ಪಿಪಿಒ ವರ್ಗಾವಣೆಗೆ ಓಡಾಡಬೇಕಿಲ್ಲ.

ನಮ್ಮ ಕಾಕಾ ಈಗ ಡಿಪೋ ಮುಂದಿನ ಚಹಾದಂಗಡಿಯಲ್ಲಿ ಕೂತು 57 ತುಂಬಿದವರನ್ನು ಹುಡುಕಿ ಮಾತಾಡಿಸುತ್ತಾರೆ. ಜೇಬಿನಲ್ಲಿ ಒಂದು ಖಾಲಿ 10-ಡಿ ಇರುತ್ತದೆ. ಮುಂದೂಡುವ ಜಾಗದ ಸುತ್ತ ಕೆಂಪು ಪೆನ್ನಿನಿಂದ ಗೋಲ ಹಾಕಿಟ್ಟಿದ್ದಾರೆ.